ಬೆಳ್ಳಕ್ಕ

ನಮ್ಮ ಮನೆಯ ಕಪ್ಪೆಗೆ ನಾಲಿಗೆ ಇಲ್ಲ. ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ, ಬಾಯಿ ಬಿಡಿಸಿ ಹುಡುಕಿದರೂ ಸಿಗುವುದಿಲ್ಲ. ಕಪ್ಪೆ ಎಂದೊಡನೆ ಲಬಕ್ಕನೆ ಹೊರಚಿಮ್ಮಿ ನೊಣ ಎಳೆದುಕೊಳ್ಳುವ ನಾಲಿಗೆ ಎಲ್ಲರ ಕಣ್ಣಮುಂದೆ ಬರುತ್ತದೆ. ಹುಟ್ಟಿದಂದಿನಿಂದ ಸಾಯುವತನಕ ಹೆಚ್ಚುಕಡಿಮೆ ನೀರಿನಲ್ಲೇ ಕಳೆಯುವ ಈ ಜಾತಿಗೆ ಅದರ ಹಂಗಿಲ್ಲ. ಕಣ್ಣಿಗೆ ರೆಪ್ಪೆಯಿಲ್ಲ, ಕಿವಿಯ ತಮಟೆ ಹೊರಗೆ ಕಾಣುವುದಿಲ್ಲ. ಇರಬಾರದ್ದೊಂದು ಮಾತ್ರ ಇದೆ: ಹಿಂಗಾಲಿನ ಮೂರು ಬೆರಳುಗಳ ತುದಿಯಲ್ಲಿ ಉಗುರು. ವಿಜ್ಞಾನಿಗಳ ಬಾಯಲ್ಲಿ ಇದು ಝೆನೋಪಸ್ ಲೇವಿಸ್, ಮೀನಿನಂಗಡಿಯವರ ಬಾಯಲ್ಲಿ ಅಲ್ಬಿನೋ ಫ್ರಾಗ್, ನಮ್ಮಮ್ಮನ ಬಾಯಲ್ಲಿ ಬೆಳ್ಳಕ್ಕ. ಮಾತಿಗೆ ಎದುರು ಮಾತು ಬೆಳೆಸದ ಹೆಣ್ಣುಜೀವ ಈ ಮನೆಯಲ್ಲಿ ಇದೊಂದೇ ಎಂದು ನಾನೊಮ್ಮೆ ಹೇಳಿದೆ. ಅದಕ್ಕೆ ಉಳಿದ ಮೂವರೂ ಒಟ್ಟಿಗೆ ಉತ್ತರ ಕೊಟ್ಟರು.

ಬೆಳ್ಳಕ್ಕನನ್ನು ನಾವು ಕೊಂಡು ತಂದದ್ದಲ್ಲ. ಮೇಲಿನ ಮಹಡಿಯವರಿಗೆ ಪುಣೆಗೆ ವರ್ಗವಾಯಿತು. ಸಾಮಾನು ಲಾರಿಗೆ ಹತ್ತಿದ ಮೇಲೆ ಆ ಮಹಾಶಯರು ಗಾಜಿನ ತೊಟ್ಟಿಯನ್ನು ಎದೆಗವಚಿಕೊಂಡು ನಮ್ಮ ಬಾಗಿಲಿಗೆ ಬಂದರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್. ಇದಕ್ಕೆ ಖರ್ಚಿಲ್ಲ, ಗಲಾಟೆಯಿಲ್ಲ." ಮೊದಲು ಜೊತೆಯಲ್ಲಿ ಗಪ್ಪಿ ಮೀನುಗಳಿದ್ದವಲ್ಲ, ಅವೇನಾದವು ಎಂದು ಕೇಳಿದೆ. "ಅವು ಒಂದೊಂದಾಗಿ ಹೋಗಿಬಿಟ್ವು ಸಾರ್. ವಿಚಿತ್ರ ಅಂದ್ರೆ ಒಂದು ಹೆಣಾನೂ ಸಿಗಲಿಲ್ಲ." ತೊಟ್ಟಿಯ ತಳದಲ್ಲಿ ಕೈಕಾಲು ಚಾಚಿ ಕೂತಿದ್ದ ಬೆಳ್ಳಕ್ಕನ ಹೊಟ್ಟೆ ನೋಡಿದವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಅಮ್ಮ ಮಲೆನಾಡಿನವಳು. ಮಳೆಗಾಲದಲ್ಲಿ ಅಂಗಳದ ತುಂಬ ಕಪ್ಪೆ, ಬಚ್ಚಲಲ್ಲಿ ಕಪ್ಪೆ, ಚಪ್ಪಲಿಯೊಳಗೆ ಕಪ್ಪೆ. ರಾತ್ರಿ ಗದ್ದೆಯ ಕಡೆಯಿಂದ ಗೋಂಕುರು ಕಪ್ಪೆಗಳ ಕೂಗು ಶುರುವಾದರೆ ಪಕ್ಕದಲ್ಲಿದ್ದವರ ಮಾತು ಕೇಳುತ್ತಿರಲಿಲ್ಲ. ಅಲ್ಲಿ ಹಿಡಿಸೂಡಿಯಿಂದ ಗುಡಿಸಿ ಹೊರಗೆ ಹಾಕುತ್ತಿದ್ದ ಪ್ರಾಣಿಗೆ ಇಲ್ಲಿ ಫಿಲ್ಟರ್ ಹಾಕಿದ ನೀರು, ತಲೆಯ ಮೇಲೊಂದು ಲೈಟು. "ಎಂತ ಮಾರಾಯ, ಕಪ್ಪೆ ಸಾಕೂದಾ? ದುಡ್ಡು ಕೊಟ್ಟು?" ದುಡ್ಡು ಕೊಟ್ಟಿಲ್ಲ ಎಂದು ಗೊತ್ತಾದ ಮೇಲೆ ಅರ್ಧ ಸಮಾಧಾನವಾಯಿತು. ಇನ್ನರ್ಧ ಸಮಾಧಾನ ಬಂದ ದಾರಿಯೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಸಾಕುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಎರಡೂವರೆ ಅಡಿ ಉದ್ದದ ತೊಟ್ಟಿ, ಒಂದಡಿಗಿಂತ ಸ್ವಲ್ಪ ಮೇಲಕ್ಕೆ ನೀರು. ಇದಕ್ಕಿರುವುದು ಶ್ವಾಸಕೋಶ. ಆಗಾಗ ಮೇಲಕ್ಕೆ ಬಂದು ಮೂಗು ತೋರಿಸಿ ಗುಳುಕ್ಕೆಂದು ಗಾಳಿ ನುಂಗಿ ಇಳಿಯಬೇಕು, ಹಾಗಾಗಿ ತೀರಾ ಆಳ ಬೇಡ. ಸಣ್ಣ ಜಲ್ಲಿಕಲ್ಲು ಹಾಕಬಾರದು, ಊಟದ ಜೊತೆ ಅದನ್ನೂ ನುಂಗುತ್ತದೆ. ಮುಷ್ಟಿಗಾತ್ರದ ನುಣುಪು ಕಲ್ಲು ನಾಲ್ಕು, ನುಸುಳಿ ಕೂರಲು ಒಡೆದ ಮಡಕೆಯೊಂದು ಸಾಕು. ನೀರು 18ರಿಂದ 24 ಡಿಗ್ರಿಯೊಳಗಿದ್ದರೆ ಸುಖ. ಬೆಂಗಳೂರಿನಲ್ಲಿ ಹೀಟರಿನ ಮಾತೇ ಬರುವುದಿಲ್ಲ, ಏಪ್ರಿಲ್-ಮೇಯಲ್ಲಿ ನೀರು ಬಿಸಿಯೇರದಂತೆ ನೋಡಿಕೊಂಡರೆ ಸಾಕು. ಕಾವೇರಿ ನೀರಿನ ಕ್ಲೋರಿನ್ ಮಾತ್ರ ಇದಕ್ಕಾಗದು. ಮೀನಿನಂಗಡಿಯಲ್ಲಿ ಸಿಗುವ ಕ್ಲೋರಿನ್ ಮದ್ದನ್ನು ನಾಲ್ಕು ಹನಿ ಹಾಕಿಯೇ ನೀರು ಬದಲಿಸಬೇಕು. ಕಪ್ಪೆ ಚರ್ಮದಿಂದಲೂ ಕುಡಿಯುವ ಪ್ರಾಣಿ, ಕೈಯಲ್ಲಿ ಸೋಪಿನ ಅಂಶ ಉಳಿದಿದ್ದರೂ ಅದಕ್ಕೆ ವಿಷ. ತೊಟ್ಟಿಗೆ ಕೈ ಹಾಕಿದ ಮೇಲೆ ನಾವೂ ಕೈ ತೊಳೆಯಬೇಕು, ಅದು ನಮ್ಮ ಹೊಟ್ಟೆಯ ಕ್ಷೇಮಕ್ಕೆ. ಇನ್ನು ಮುಚ್ಚಳ. ಮಳೆ ಬಿದ್ದ ರಾತ್ರಿ ಒಂದು ಹೊಂಡದಿಂದ ಇನ್ನೊಂದಕ್ಕೆ ನೆಲದ ಮೇಲೆ ತೆವಳಿಕೊಂಡು ಹೋಗುವ ಚಾಳಿ ಈ ಜಾತಿಗೆ ಇದೆ. ನಮ್ಮ ಮುಚ್ಚಳದ ಮೇಲೆ ಅಮ್ಮನ ಕುಟ್ಟಾಣಿ ಕೂತಿರುತ್ತದೆ. ಚಹಾಕ್ಕೆ ಶುಂಠಿ ಜಜ್ಜಬೇಕಾದರೆ ಮೊದಲು ಅದರ ಜಾಗಕ್ಕೆ ಡಿಕ್ಷನರಿ ಇಡಬೇಕು.

ನೀರು ಭೋರೆಂದು ಸುತ್ತುವ ಫಿಲ್ಟರನ್ನೂ ಇದು ಸಹಿಸದು. ಅದಕ್ಕೆ ಕಾರಣವಿದೆ. ಬೆಳಕು ಓರೆಯಾಗಿ ಬಿದ್ದಾಗ ಬೆಳ್ಳಕ್ಕನ ಪಕ್ಕೆಯುದ್ದಕ್ಕೂ ಸಣ್ಣ ಸಣ್ಣ ಗೀರುಗಳು ಸಾಲಾಗಿ ಕಾಣುತ್ತವೆ. ಮೀನಿಗೆ ಇರುವ ಹಾಗೆ ನೀರಿನ ಅಲುಗಾಟವನ್ನು ಗುರುತಿಸುವ ಅಂಗಗಳು ಅವು. ಬಹುಪಾಲು ಕಪ್ಪೆಗಳು ಗೊದಮೊಟ್ಟೆಯ ಕಾಲಕ್ಕೇ ಇವನ್ನು ಕಳೆದುಕೊಳ್ಳುತ್ತವೆ, ಇದು ಕೊನೆತನಕ ಉಳಿಸಿಕೊಳ್ಳುತ್ತದೆ. ನೀರು ಸದಾ ಅಲುಗುತ್ತಿದ್ದರೆ ಅದಕ್ಕೆ ಗದ್ದಲದ ರಸ್ತೆಯ ಪಕ್ಕ ಮನೆ ಮಾಡಿದ ಪಾಡು. ಆದ್ದರಿಂದ ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್.

ಊಟದ ಹೊತ್ತು ನೋಡಬೇಕು. ಅಮ್ಮನ ತಾರಸಿ ತೋಟದ ಗೊಬ್ಬರದ ಡ್ರಮ್ಮಿನಲ್ಲಿ ಎರೆಹುಳುಗಳಿವೆ. ಒಂದನ್ನು ತೊಳೆದು ಚಿಮಟದಲ್ಲಿ ಹಿಡಿದು ನೀರಿಗೆ ಇಳಿಸಿದರೆ ಮೊದಲು ಏನೂ ಆಗುವುದಿಲ್ಲ. ಕಣ್ಣು ಮೇಲೆ ನೋಡುತ್ತಲೇ ಇರುತ್ತದೆ. ನಂತರ ಮುಂಗೈಗಳ ಬೆರಳು ಬಿಚ್ಚಿಕೊಳ್ಳುತ್ತವೆ. ಉದ್ದನೆಯ ಸಪೂರ ಬೆರಳು, ನಡುವೆ ಜಾಲಪೊರೆಯಿಲ್ಲ. ವಾಸನೆ ನೀರಿನಲ್ಲಿ ಹರಡುತ್ತಿದ್ದಂತೆ ಅವು ತಡಕಾಡಲು ತೊಡಗುತ್ತವೆ. ಹುಳು ಬೆರಳಿಗೆ ತಗುಲಿದ ಕ್ಷಣ ಇಡೀ ಮೈ ಮುಂದಕ್ಕೆ ನುಗ್ಗಿ ಬಾಯಿ ಅಗಲವಾಗುತ್ತದೆ. ನಾಲಿಗೆಯ ಕೆಲಸವನ್ನೆಲ್ಲ ಕೈಗಳೇ ಮಾಡಬೇಕು. ಎರಡೂ ಕೈಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಯಿಗೆ ತುರುಕುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಕೂತು ಉಂಡೇಳುವವರ ಹಾಗೆ. ತುಂಡು ದೊಡ್ಡದಾಯಿತೋ, ಉಗುರಿರುವ ಹಿಂಗಾಲನ್ನು ಮುಂದೆ ತಂದು ಪರಚಿ ಹರಿಯುತ್ತದೆ. ನುಂಗಿದ ಮೇಲೂ ಕೈಗಳು ಗಾಳಿಗೆ, ಅಲ್ಲ ನೀರಿಗೆ, ತುತ್ತು ಕಟ್ಟುತ್ತಲೇ ಇರುತ್ತವೆ. ಇನ್ನೂ ಇದೆಯೇನೋ ಎಂಬ ಆಸೆ. ಕೊಟ್ಟಷ್ಟೂ ತಿನ್ನುವುದರಿಂದ ನಿಲ್ಲಿಸುವ ವಿವೇಕ ನಮ್ಮದಾಗಿರಬೇಕು. ದೊಡ್ಡ ಕಪ್ಪೆಗೆ ವಾರಕ್ಕೆ ಎರಡು ಮೂರು ಊಟ ಧಾರಾಳವಾಯಿತು. ಉಳಿದದ್ದು ಕೊಳೆತರೆ ನೀರು ಕೆಡುತ್ತದೆ. ನೀರು ಕೆಟ್ಟರೆ ತೊಡೆ-ಹೊಟ್ಟೆ ಕೆಂಪೇರುವ ಕಾಯಿಲೆಗೆ ದಾರಿಯಾಗುತ್ತದೆ.

ಅಮ್ಮನ ಸಮಾಧಾನದ ಇನ್ನರ್ಧಕ್ಕೆ ಕಾರಣ ಈ ಕೊಳಕು ನೀರೇ. ಹೊರಚೆಲ್ಲುವ ನೀರನ್ನು ಒಮ್ಮೆ ಕರಿಬೇವಿನ ಕುಂಡಕ್ಕೆ ಸುರಿದು ನೋಡಿದಳು. ಅಲ್ಲಿಂದಾಚೆಗೆ ನೀರು ಬದಲಿಸುವ ದಿನವನ್ನು ನನಗೆ ನೆನಪಿಸುವವಳೇ ಅವಳು. ಹುಳು ತಾರಸಿಯಿಂದ ಕೆಳಗೆ ಬರುತ್ತದೆ, ನೀರು ಕೆಳಗಿಂದ ತಾರಸಿಗೆ ಹೋಗುತ್ತದೆ. ಇಬ್ಬರ ನಡುವಿನ ಈ ವ್ಯವಹಾರದಲ್ಲಿ ನಾನು ಬಕೆಟ್ಟು ಹೊರುವವನು.

ಬಂದ ನೆಂಟರಿಗೆ ಮಾತ್ರ ಇದನ್ನು ವಿವರಿಸಿ ಗೆದ್ದವರಿಲ್ಲ. "ಕೂಗುತ್ತಾ?" ಕೂಗುವುದಿಲ್ಲ. ಗಂಡಾಗಿದ್ದರೆ ನೀರಿನೊಳಗಿಂದಲೇ ರಾತ್ರಿಯೆಲ್ಲ ಟಿಕಟಿಕ ಎಂದು ಹಾಡುತ್ತಿತ್ತು, ಗಂಟಲ ಚೀಲವೂ ಇಲ್ಲದೆ, ಗಾಳಿಯನ್ನೂ ಊದದೆ. "ಹೊರಗೆ ತೆಗೆದು ಆಡಿಸ್ತೀರಾ?" ಕೈಗೆ ಸಿಕ್ಕರೆ ಸೋಪಿಗಿಂತ ಜಾರುತ್ತದೆ, ನೆಲದ ಮೇಲೆ ತೆವಳುವುದಷ್ಟೇ ಅದಕ್ಕೆ ಗೊತ್ತು. ಕಪ್ಪೆ ತೂಗುವ ಗಾದೆ ಹುಟ್ಟಿಸಿದವರು ಈ ಜಾತಿಯನ್ನು ಕಂಡಿರಲಿಲ್ಲ. "ನಿಮ್ಮನ್ನು ಗುರುತು ಹಿಡಿಯುತ್ತಾ?" ಎಂಬ ಪ್ರಶ್ನೆಗೆ ಅಮ್ಮ ಹೌದೆನ್ನುತ್ತಾಳೆ. ನನ್ನ ಅನುಮಾನ, ಅದು ಗುರುತು ಹಿಡಿಯುವುದು ಚಿಮಟವನ್ನು. ನನಗೆ ಅದರಿಂದ ಬೇಸರವಿಲ್ಲ. ನಾಯಿ ಸಾಕಿದವರು ಸಂಜೆ ಮನೆಗೆ ಬಂದು ಅದರ ಪ್ರೀತಿಗೆ ಉತ್ತರ ಕೊಡಬೇಕು, ಸುಸ್ತಾಗಿದ್ದರೂ. ಬೆಳ್ಳಕ್ಕನ ಮುಂದೆ ಆ ಋಣಭಾರವಿಲ್ಲ. ಮೀನಿನ ತೊಟ್ಟಿಯಿದ್ದರೆ ಮನೆಗೆ ಐಶ್ವರ್ಯ ಎನ್ನುವ ವಾಸ್ತು ಪಂಡಿತರೊಬ್ಬರು ಇದನ್ನು ಕಂಡು ಕೊಂಚ ತಬ್ಬಿಬ್ಬಾದರು. ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಚೀನೀ ಕಪ್ಪೆ ಕೂತಿರುತ್ತದಲ್ಲ, ಅದಾದರೆ ಆಗುತ್ತಿತ್ತಂತೆ. ನಮ್ಮದಕ್ಕೆ ಒಂದು ಕಾಲು ಹೆಚ್ಚಾಯಿತು.

ಈ ಪ್ರಾಣಿ ಆಫ್ರಿಕದ ದಕ್ಷಿಣ ಭಾಗದ ಕೆಸರು ಹೊಂಡಗಳದ್ದು. ಅಲ್ಲಿ ಅದರ ಬಣ್ಣವೂ ಕೆಸರಿನದೇ. ಬಿಳಿ ಬಣ್ಣ ಮನುಷ್ಯ ಆರಿಸಿ ಬೆಳೆಸಿದ್ದು. ಈ ಕಪ್ಪೆ ಶಿವಾಜಿನಗರದ ಮೀನಿನಂಗಡಿಯವರೆಗೆ ಬಂದ ದಾರಿ ವಿಚಿತ್ರವಾದದ್ದು, ಆ ದಾರಿ ಬಸುರಿನ ಸುದ್ದಿಯೊಂದಿಗೆ ಶುರುವಾಗುತ್ತದೆ. ಲ್ಯಾನ್ಸ್‌ಲಾಟ್ ಹಾಗ್‌ಬೆನ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ 1927ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದ. ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದರೆ ಅಲ್ಲಿಯ ಈ ಹೆಣ್ಣು ಕಪ್ಪೆ ಮೊಟ್ಟೆಯಿಡುವುದನ್ನು ಅವನು ಕಂಡ. ಬಸುರಿ ಹೆಂಗಸಿನ ಮೂತ್ರದಲ್ಲೂ ಅಂಥದೇ ಕೆಲಸ ಮಾಡುವ ಹಾರ್ಮೋನು ಇರುತ್ತದೆ. 1930ರ ದಶಕದಲ್ಲಿ ಆ ಜಾಡು ಹಿಡಿದು ಪರೀಕ್ಷೆಯೊಂದು ಸಿದ್ಧವಾಯಿತು: ಮೂತ್ರವನ್ನು ಹೆಣ್ಣು ಕಪ್ಪೆಯ ಚರ್ಮದಡಿಗೆ ಚುಚ್ಚುವುದು, ಒಂದು ರಾತ್ರಿ ಕಾಯುವುದು. ಬೆಳಗಾಗುವಷ್ಟರಲ್ಲಿ ನೀರಿನ ತಳದಲ್ಲಿ ಮೊಟ್ಟೆಗಳಿದ್ದರೆ ಆ ಹೆಂಗಸು ಬಸುರಿ. ಅದಕ್ಕೂ ಮೊದಲು ಇಲಿ, ಮೊಲಗಳಿಗೆ ಚುಚ್ಚಿ, ಕೊಯ್ದು ಒಳಗೆ ನೋಡಬೇಕಾಗಿತ್ತು. ಕಪ್ಪೆ ಸಾಯುತ್ತಿರಲಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತಿತ್ತು. 1960ರ ದಶಕದಲ್ಲಿ ಪ್ರತಿಕಾಯ ಬಳಸುವ ಪರೀಕ್ಷೆಗಳು ಬರುವತನಕ ಜಗತ್ತಿನ ಎಷ್ಟೋ ಆಸ್ಪತ್ರೆಗಳ ಪ್ರಯೋಗಾಲಯಕ್ಕೆ ದಕ್ಷಿಣ ಆಫ್ರಿಕದಿಂದ ಕಪ್ಪೆಗಳು ರಫ್ತಾದವು.

ಇದನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. "ನಮ್ಮ ಶೃಂಗೇರೀಲಿ ಇಲ್ಲವಾ?" ಎಂದಳು. ತುಂಗೆಯ ದಡದಲ್ಲಿ ನಡುಬಿಸಿಲಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಯೆತ್ತಿ ನೆರಳು ಹಿಡಿದದ್ದನ್ನು ಕಂಡು ಶಂಕರಾಚಾರ್ಯರು ಅಲ್ಲೇ ಮಠ ಕಟ್ಟಿದರೆಂಬ ಕಥೆ. ಕಪ್ಪೆ ಶಂಕರ ಎಂದು ಆ ಜಾಗದಲ್ಲಿ ಕಲ್ಲಿನ ಶಿಲ್ಪವೂ ಇದೆ. ಕಪ್ಪೆ ನೀರಿನಲ್ಲಿ ಮೊಟ್ಟೆಯಿಡುವುದು, ಅದಕ್ಕೆ ಎಲ್ಲಿಯ ಹೆರಿಗೆ ನೋವು ಎಂದು ನಾನು ಬಿಎಸ್ಸಿ ಓದಿದ ಬುದ್ಧಿ ತೋರಿಸಲು ಹೋದೆ. "ಹಾವಿಗೆ ಇದ್ದ ತಿಳಿವಳಿಕೆ ನಿಂಗಿಲ್ಲ" ಎಂದು ಅಮ್ಮ ವಿಷಯ ಮುಗಿಸಿದಳು. ಹೊಟ್ಟೆ ತುಂಬಿದ ಕಪ್ಪೆಯ ಜೊತೆ ಬಸುರನ್ನು ಜೋಡಿಸಲು ಆಸ್ಪತ್ರೆಯವರಿಗಿಂತ ಎಷ್ಟೋ ಮೊದಲು ನಮ್ಮ ಕಡೆಯವರಿಗೇ ತೋಚಿತ್ತೆನ್ನುವುದನ್ನು ನಾನೂ ಒಪ್ಪಿಕೊಂಡೆ.

ಬಸುರಿನ ಪರೀಕ್ಷೆ ನಿಂತರೂ ಕಪ್ಪೆಯ ದುಡಿಮೆ ನಿಲ್ಲಲಿಲ್ಲ. ಪ್ರಯೋಗಾಲಯಗಳಲ್ಲಿ ಹೇಗೂ ಇದ್ದವು, ಸೂಜಿ ಚುಚ್ಚಿದಾಗ ವರ್ಷದ ಯಾವ ಕಾಲದಲ್ಲೂ ಮೊಟ್ಟೆ ಕೊಡುತ್ತಿದ್ದವು. ಆಕ್ಸ್‌ಫರ್ಡಿನಲ್ಲಿ ಜಾನ್ ಗರ್ಡನ್ ಇದರ ಗೊದಮೊಟ್ಟೆಯ ಕರುಳಿನ ಜೀವಕೋಶದಿಂದ ಕೇಂದ್ರವನ್ನು ತೆಗೆದು, ಕೇಂದ್ರ ನಾಶಪಡಿಸಿದ ಮೊಟ್ಟೆಗೆ ಹಾಕಿ ಹೊಸ ಗೊದಮೊಟ್ಟೆ ಬೆಳೆಸಿ 1962ರಲ್ಲಿ ಪ್ರಕಟಿಸಿದ. ಡಾಲಿ ಕುರಿಗೆ ಇನ್ನೂ ಮೂರು ದಶಕಗಳಿದ್ದವು. ಅವನಿಗೆ ನೊಬೆಲ್ ಸಿಕ್ಕಿದ್ದು 2012ರಲ್ಲಿ. 1992ರಲ್ಲಿ ಎಂಡೆವರ್ ನೌಕೆಯಲ್ಲಿ ಈ ಕಪ್ಪೆಗಳು ಬಾಹ್ಯಾಕಾಶಕ್ಕೂ ಹೋಗಿ ಅಲ್ಲೂ ಮೊಟ್ಟೆಯಿಟ್ಟು ಬಂದವು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೈಕೆಲ್ ಝಾಸ್ಲಾಫ್ ಎಂಬ ಅಮೆರಿಕದ ವೈದ್ಯ ಗಮನಿಸಿದ ಸಂಗತಿ. ಮೊಟ್ಟೆಗಾಗಿ ಹೊಟ್ಟೆ ಕೊಯ್ದು, ಹೊಲಿಗೆ ಹಾಕಿ, ಕಪ್ಪೆಯನ್ನು ಕೊಳಕು ನೀರಿನ ತೊಟ್ಟಿಗೇ ಬಿಡುತ್ತಿದ್ದರು. ಗಾಯ ಕೀವಾಗಬೇಕಿತ್ತು, ಆಗಲಿಲ್ಲ. ಏಕಾಗಲಿಲ್ಲ ಎಂದು ಅವನು ಹುಡುಕಹೊರಟಾಗ ಚರ್ಮದಲ್ಲಿ ರೋಗಾಣುಗಳನ್ನು ಕೊಲ್ಲುವ ಪ್ರೊಟೀನ್ ತುಣುಕುಗಳು ಸಿಕ್ಕವು. 1987ರಲ್ಲಿ ಅದನ್ನು ಪ್ರಕಟಿಸಿದ. ದಿನಾ ಕೊಯ್ದು ಹೊಲಿದವರು ಎಷ್ಟೋ ಮಂದಿ, ಹೊಲಿದ ಜಾಗವನ್ನು ಆಮೇಲೆ ತಿರುಗಿ ನೋಡಿದವನು ಇವನು.

ಇಷ್ಟನ್ನೆಲ್ಲ ಓದುತ್ತ ಹೋದಂತೆ ನನಗನ್ನಿಸಿದ್ದು, ಈ ಕಪ್ಪೆಯ ಜಾತಕದಲ್ಲಿರುವ ದೋಷ ಒಂದೇ, ಅದು ಸಾಯುವುದಿಲ್ಲ. ಸೂಜಿ ಚುಚ್ಚಿದರೂ, ಕೊಯ್ದರೂ, ಪೆಟ್ಟಿಗೆಯಲ್ಲಿ ತುಂಬಿ ಹಡಗು ಹತ್ತಿಸಿದರೂ ಸುಧಾರಿಸಿಕೊಳ್ಳುತ್ತದೆ. ಹೊಂಡ ಬತ್ತಿದರೆ ಕೆಸರಿನೊಳಗೆ ಇಳಿದು ಹಸಿದುಕೊಂಡೇ ತಿಂಗಳುಗಟ್ಟಲೆ ಕಾಯುತ್ತದೆ. ಸೂಕ್ಷ್ಮ ದೇಹದ ಕಪ್ಪೆಯಾಗಿದ್ದರೆ ಯಾರೂ ಇದರ ಗೊಡವೆಗೆ ಹೋಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ, ಕಚೇರಿಗಳಲ್ಲಿ ಒಬ್ಬರಿರುತ್ತಾರೆ; ಏನು ಹೇಳಿದರೂ ಸರಿ ಎನ್ನುತ್ತಾರೆ, ಆದ್ದರಿಂದ ಎಲ್ಲವನ್ನೂ ಅವರಿಗೇ ಹೇಳಲಾಗುತ್ತದೆ. ನಾಣ್ಯದಗಲದ ಬಿಳಿ ಮರಿಗಳನ್ನು ಅಂಗಡಿಯಲ್ಲಿ ಪುಟ್ಟ ಗಾಜಿನ ಬೋಗುಣಿಯಲ್ಲಿಟ್ಟು "ಇಷ್ಟೇ ಸಾರ್, ಇದಕ್ಕಿಂತ ಬೆಳೆಯಲ್ಲ" ಎಂದು ಮಾರುವುದೂ ಇದೇ ಧೈರ್ಯದ ಮೇಲೆ. ಬೆಳೆಯದ ಕುಳ್ಳ ಜಾತಿ ಬೇರೆಯೇ ಇದೆ, ಅದರ ಮುಂಗೈಗೂ ಜಾಲಪೊರೆ ಇರುತ್ತದೆ. ಮುಂಗೈ ಬೆರಳು ಬಿಡಿಬಿಡಿಯಾಗಿದ್ದರೆ ಅದು ಬೆಳ್ಳಕ್ಕನ ಕುಲ, ಹೆಣ್ಣಾದರೆ ಅಂಗೈ ತುಂಬುವಷ್ಟಾಗುತ್ತದೆ. ಬೋಗುಣಿಯಲ್ಲೂ ಅದು ಬದುಕುತ್ತದೆ ನಿಜ. ತಡೆದುಕೊಂಡಿದೆ ಎಂದ ಮಾತ್ರಕ್ಕೆ ಸುಖವಾಗಿದೆ ಎಂದು ಲೆಕ್ಕ ಹಾಕುವುದು ಅಂಗಡಿಯವನಿಗೆ ಅನುಕೂಲ, ನಮಗೆ ಸೋಮಾರಿತನ.

ಆದರೆ ಈ ಗಟ್ಟಿತನಕ್ಕೆ ಮರುಗಿ "ಪಾಪ, ಕೆರೆಗೆ ಬಿಟ್ಟುಬನ್ನಿ" ಎನ್ನುವವರ ಮಾತನ್ನು ಮಾತ್ರ ಕೇಳಬಾರದು. ಹೀಗೆ ಬಿಟ್ಟವು, ತಪ್ಪಿಸಿಕೊಂಡವು ಸೇರಿ ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸುಗಳಲ್ಲಿ ಇವು ಸಂಸಾರ ಹೂಡಿವೆ. ಅಲ್ಲಿಯ ಹೊಂಡಗಳಲ್ಲಿ ಬಾಯಿಗೆ ಹಿಡಿಸುವುದನ್ನೆಲ್ಲ ತಿನ್ನುತ್ತಿವೆ. ಜೊತೆಗೆ ಕೈಟ್ರಿಡ್ ಎಂಬ ಶಿಲೀಂಧ್ರದ ಕಾಟ. ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಅಳಿಸಿಹಾಕಿದ ಈ ಚರ್ಮರೋಗವನ್ನು ಊರೂರಿಗೆ ಹಬ್ಬಿಸಿದ್ದು ಗರ್ಭಪರೀಕ್ಷೆಯ ಕಪ್ಪೆಗಳೇ ಎಂದು ಒಂದು ಕಾಲಕ್ಕೆ ನಂಬಿದ್ದರು, 1938ರಷ್ಟು ಹಳೆಯ ಮಾದರಿಯೊಂದರಲ್ಲಿ ಅದು ಪತ್ತೆಯಾಗಿತ್ತು. 2018ರ ವಂಶವಾಹಿ ಸಂಶೋಧನೆ ರೋಗದ ತವರನ್ನು ಪೂರ್ವ ಏಷ್ಯಾಕ್ಕೆ ಒಯ್ದಿತು. ಆದರೂ ಬೆಳ್ಳಕ್ಕನ ಕುಲಕ್ಕೆ ಪೂರ್ತಿ ಬಿಡುಗಡೆಯಿಲ್ಲ: ಶಿಲೀಂಧ್ರ ಮೈಮೇಲಿದ್ದರೂ ಅದು ಸಾಮಾನ್ಯವಾಗಿ ಸಾಯುವುದಿಲ್ಲ, ಹೊತ್ತು ತಿರುಗುತ್ತದೆ. ನಮ್ಮ ಘಟ್ಟದ ಕಪ್ಪೆಗಳ ಮೇಲೂ ಈ ಶಿಲೀಂಧ್ರ ಕಂಡುಬಂದಿದೆ. ಇಟ್ಟ ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುವ ಕುಂಬಾರ ಕಪ್ಪೆ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿದೆ, 2014ರಲ್ಲಷ್ಟೇ ವಿಜ್ಞಾನಕ್ಕೆ ಹೊಸ ಜಾತಿಯಾಗಿ ದಾಖಲಾದದ್ದು. ಅಂಥವಿರುವ ನಾಡಿನ ನೀರಿಗೆ ಅಕ್ವೇರಿಯಂ ಪ್ರಾಣಿಯನ್ನು ಬಿಡುವುದು ಪುಣ್ಯದ ಕೆಲಸವಲ್ಲ. ತೊಟ್ಟಿಯ ನೀರು ಕೂಡ ಕುಂಡಕ್ಕೆ ಹೋಗಲಿ, ಚರಂಡಿ ಹಿಡಿದು ಕೆರೆ ಸೇರುವುದು ಬೇಡ.

2024ರ ಬೇಸಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟಾಗ, ಕಾರು ತೊಳೆದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಸಾರಿದಾಗ, ನಮ್ಮ ಕಟ್ಟಡದಲ್ಲಿ ಕಪ್ಪೆಯ ಸ್ನಾನದ ಮಾತು ಎದ್ದಿತು. ಸಭೆಯಲ್ಲಿ ಒಬ್ಬರು ಬೆರಳು ಮಾಡಿಯೂ ತೋರಿಸಿದರು. ಅಮ್ಮ ಎದ್ದು ನಿಂತು, ಆ ನೀರು ತನ್ನ ಗಿಡಗಳಿಗೆ ಹೋಗುತ್ತದೆಂದೂ, ಗಿಡದ ಕರಿಬೇವು ಈ ಸಭೆಯಲ್ಲಿರುವ ಅನೇಕರ ಒಗ್ಗರಣೆಗೆ ಪುಕ್ಕಟೆ ಹೋಗುತ್ತದೆಂದೂ ಲೆಕ್ಕ ಒಪ್ಪಿಸಿದಳು. ಅಷ್ಟೂ ಕಷ್ಟವಾದರೆ ಬೆಳ್ಳಕ್ಕನಿಗೊಂದು ಗಂಡು ಹುಡುಕಿ ಮದುವೆ ಮಾಡಿಬಿಡೋಣ, ಉಡುಪಿಯಲ್ಲಿ 2019ರಲ್ಲಿ ಮಾಡಿದ ಹಾಗೆ, ಮಳೆಯಾದರೂ ಬಂದೀತು ಎಂದು ಸೇರಿಸಿದಳು. ಗಂಡು ತರುವುದಕ್ಕೆ ನಾನು ಒಪ್ಪಲಿಲ್ಲ. ಒಮ್ಮೆಗೆ ಸಾವಿರಗಟ್ಟಲೆ ಮೊಟ್ಟೆಯಿಡುವ ಸಂಸಾರಕ್ಕೆ ಕುಟ್ಟಾಣಿ ಎಷ್ಟು ತರೋಣ?

ಈಗ ಮನೆಯಲ್ಲಿ ಚರ್ಚೆ ಬೇರೆಯೇ ನಡೆದಿದೆ. ಸರಿಯಾಗಿ ನೋಡಿಕೊಂಡರೆ ಈ ಕಪ್ಪೆ ಹದಿನೈದು ವರ್ಷ ಸುಲಭವಾಗಿ ಬಾಳುತ್ತದೆ, ಇಪ್ಪತ್ತೈದು ದಾಟಿದವೂ ಇವೆ. ಬೆಳ್ಳಕ್ಕನ ವಯಸ್ಸು ಪುಣೆಗೆ ಹೋದವರಿಗೂ ಗೊತ್ತಿಲ್ಲ, ಅವರಿಗೂ ಯಾರೋ ಅಡ್ಜಸ್ಟ್ ಮಾಡಿಸಿದ್ದಂತೆ. "ಹಂಗಾರೆ ನಾ ಹೋದ ಮೇಲೂ ಇದು ಇರ್ತದೆ ಅನ್ನು" ಎಂದಳು ಅಮ್ಮ, ಯಾವ ಬೇಸರವೂ ಇಲ್ಲದೆ. ಅವಳ ಚಿಂತೆ ಗೊಬ್ಬರದ ಡ್ರಮ್ಮಿನದು. ಹುಳಕ್ಕೆ ಎಷ್ಟು ತೇವ ಇರಬೇಕು, ಯಾವ ಸಿಪ್ಪೆ ಹಾಕಬಾರದು, ಇದನ್ನೆಲ್ಲ ಯಾರಿಗಾದರೂ ಹೇಳಿಕೊಡಬೇಕಲ್ಲ. ನನ್ನ ಹೆಂಡತಿ ಕಪ್ಪೆಗೆ ಸೈ, ಹುಳುವಿಗೆ ಇಲ್ಲ. ಮಗಳು ಹುಳು ಮುಟ್ಟಲು ಒಪ್ಪಿದ್ದಾಳೆ, ಕಾಲೇಜಿಗೆ ಹೋಗಲು ಸ್ಕೂಟರ್ ಕೊಡಿಸಿದರೆ. ಅಜ್ಜಿ ಅವಳ ಪಕ್ಷ. ಮಾತುಕತೆ ಸದ್ಯ ಸೆಕೆಂಡ್‌ಹ್ಯಾಂಡ್ ಗಾಡಿಗೆ ಬಂದು ನಿಂತಿದೆ.